ಬೊಂಡದಂಗಡಿಯ ಮಗಳು ಶಾಲೆಗೆ ಸೇರಿದ್ದು

ಟೀಚರು ಮೊಲದ ಚಿತ್ರವೊಂದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಬೆರಳಿಟ್ಟು, "ವಾಟ್ ಈಸ್ ದಿಸ್?" ಎಂದು ಕೇಳಿದರು. ನಾಲ್ಕು ವರ್ಷ ದಾಟಿದ್ದ ನನ್ನ ಮಗಳು ಚಿತ್ರ ನೋಡಿದಳು, ಟೀಚರ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ನಮ್ಮ ಬ್ಯಾರಿ ಮಾತಿನಲ್ಲಿ, "ಉಮ್ಮ, ಇವರಿಗೆ ಗೊತ್ತಿಲ್ವಾ?" ಎಂದಳು.

ನನಗೆ ನಗು ಬಂತು. ಟೀಚರಿಗೆ ಬ್ಯಾರಿ ಬರುವಂತಿರಲಿಲ್ಲ, ಅವರು ನಗಲಿಲ್ಲ. ಇನ್ನೂ ನಾಲ್ಕೈದು ಚಿತ್ರ ತೋರಿಸಿದರು. ಬಣ್ಣದ ಕಡ್ಡಿಗಳನ್ನು ಸಾಲಾಗಿ ಇಟ್ಟು ಏನೋ ಕೇಳಿದರು. ಅಷ್ಟರಲ್ಲಿ ಮಗಳು ನನ್ನ ಬುರ್ಖಾದ ತುದಿ ಹಿಡಿದು ನಿಂತಿದ್ದಳು. ಆಮೇಲೆ ಬಾಯಿ ಬಿಡಲೇ ಇಲ್ಲ.

ಟೀಚರು ನನ್ನ ಗಂಡನಿಗೆ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಮಗು ಚುರುಕಾಗಿದ್ದಾಳೆ, ಆದರೆ ಇಂಗ್ಲಿಷಿನ ಒಂದು ಮಾತೂ ಬರುವುದಿಲ್ಲ, ಕ್ಲಾಸಿನಲ್ಲಿ ಕಷ್ಟವಾಗುತ್ತದೆ. ಮುಂದಿನ ವರ್ಷ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಮನೆಯಲ್ಲಿ ಇಂಗ್ಲಿಷ್ ಮಾತಾಡಿ.

ಅದು ಒಮಾನ್ ದೇಶದ ಸಲಾಲಾ, ಅಲ್ಲಿನ ಭಾರತೀಯರ ಶಾಲೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡ ತೆಂಗಿನ ತೋಟಗಳ ನಡುವಿನ ರಸ್ತೆಯ ಬದಿಯಲ್ಲಿ ಬೊಂಡ ಮಾರುತ್ತಿದ್ದರು. ಬೇರೆ ಊರಿನವರು ಎಳನೀರು ಎನ್ನುವುದನ್ನು ನಾವು ಮಂಗಳೂರಿನ ಕಡೆಯವರು ಬೊಂಡ ಎನ್ನುವುದು. ಬೊಂಡದ ಜೊತೆ ಅದೇ ತೋಟದ ಬಾಳೆಹಣ್ಣು, ಪಪ್ಪಾಯಿ. ನಾವಿದ್ದದ್ದು ತೋಟದ ಒಳಗೇ, ಒಂದು ಕೋಣೆ, ಅದಕ್ಕೆ ತಾಗಿ ತಗಡಿನ ಮಾಡಿನ ಅಡುಗೆಮನೆ. ತೋಟ ಒಬ್ಬ ಅಜ್ಜಿಯದು. ಅವರ ಹಿರಿಯ ಮಗ ನಮ್ಮ ಕಫೀಲ್, ಅಂದರೆ ನಮ್ಮ ವೀಸಾದ ಹೊಣೆ ಹೊತ್ತ ಧಣಿ. ನಮ್ಮಂಥ ಸಂಬಳದವರು ಆಗ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಅಪರೂಪ. ಆ ಮನುಷ್ಯ ದೊಡ್ಡ ಮನಸ್ಸು ಮಾಡಿ ನನಗೂ ಮಗಳಿಗೂ ವೀಸಾ ಮಾಡಿಸಿಕೊಟ್ಟಿದ್ದರು. ಆಫೀಸಿನ ಕೆಲಸದವರ ಮಕ್ಕಳು ಶಾಲೆಗೆ ಮೊದಲು ನರ್ಸರಿಗೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತು ಎತ್ತುವ ಹಾಗೆಯೇ ಇರಲಿಲ್ಲ.

ಶಾಲೆಯಿಂದ ಹಿಂದೆ ಬರುವಾಗ ನನ್ನ ಗಂಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದರು. ತೋಟದ ಗೇಟಿನ ಹತ್ತಿರ ನಿಂತು, "ಮುಂದಿನ ವರ್ಷ ಅಂತ ಹೇಳಿದ್ದಾರಲ್ಲ, ಮುಂದಿನ ವರ್ಷ ಸೇರಿಸುವ. ಇವಳು ಊರಿಗೆ ಹೋಗುದು ಬೇಡ. ಇಲ್ಲೇ, ನಮ್ಮ ಕಣ್ಣೆದುರೇ ಕಲಿಯಬೇಕು" ಅಂದರು.

"ಇಂಗ್ಲಿಷ್ ಮಾತಾಡಿ ಅಂದ್ರು. ಯಾರು ಮಾತಾಡುದು?" ಎಂದೆ.

"ನಾವೇ. ಮತ್ತೆ ಯಾರು?"

ನಾನು ಓದಿದ್ದು ಕನ್ನಡ ಶಾಲೆಯಲ್ಲಿ ಐದನೆಯವರೆಗೆ, ಮತ್ತೆ ಊರಿನ ಮದರಸದಲ್ಲಿ ಕುರಾನ್. ಆಮೇಲೆ ಉಮ್ಮನ ಜೊತೆ ಬೀಡಿ ಕಟ್ಟಲು ಕುಳಿತವಳು ಮದುವೆಯಾಗುವವರೆಗೂ ಎದ್ದಿರಲಿಲ್ಲ. ನನ್ನ ಗಂಡನಿಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳು ಗೊತ್ತಿದ್ದವು. ಮೊದಲು ಮಂಗಳೂರಿನಲ್ಲಿ ಲಾರಿಯಲ್ಲಿ ಕೆಲಸ ಮಾಡುತ್ತಿದ್ದಾಗ ನಂಬರ್ ಪ್ಲೇಟ್ ಓದಿ ಕಲಿತದ್ದು. ಈ ಬಂಡವಾಳದಲ್ಲಿ ನಾವು ಮರುದಿನವೇ ಶುರು ಮಾಡಿದೆವು.

ಅವರು ಪೇಟೆಯಿಂದ ಅಕ್ಷರಮಾಲೆಯ ಒಂದು ದೊಡ್ಡ ಚಾರ್ಟ್ ತಂದು ಗೋಡೆಗೆ ಅಂಟಿಸಿದರು. ನಾನು ನನಗೆ ಗೊತ್ತಿದ್ದ ಇಂಗ್ಲಿಷ್ ಎಲ್ಲ ಹೊರಗೆ ತೆಗೆದೆ. ಕಮ್. ಸಿಟ್. ಈಟ್. ಕ್ಲೋಸ್ ದ ಡೋರ್. ಡೋಂಟ್ ಟಚ್. ಇಡೀ ದಿನ ಇಷ್ಟೇ. ಅದರಲ್ಲಿ ಕತೆ ಹೇಳಲಾಗದು, ಬಾಯ್ತುಂಬ ಬೈಯಲೂ ಆಗದು. ಬೇರೇನಾದರೂ ಹೇಳಬೇಕೆಂದಾಗ ಪದ ಸಿಗದೆ ಸುಮ್ಮನಾಗುತ್ತಿದ್ದೆ. ಬೆಳಿಗ್ಗೆ ಎದ್ದಾಗಿನಿಂದ ಗಿಳಿಯ ಹಾಗೆ ಮಾತಾಡುತ್ತಿದ್ದ ಹುಡುಗಿ ಒಂದು ವಾರದಲ್ಲಿ ಮೆತ್ತಗಾದಳು. ಎರಡನೆಯ ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಉಮ್ಮ, ನಾನು ಎಂತ ಮಾಡಿದ್ದು? ನೀನು ಯಾಕೆ ನನ್ನ ಹತ್ತಿರ ಕೋಪ ಮಾಡುದು?"

ಕೈಯಲ್ಲಿದ್ದ ಮೀನು ಹಾಗೇ ಬಿಟ್ಟು ನಾನು ಕುಳಿತುಬಿಟ್ಟೆ. ನನಗೆ ಬರುತ್ತಿದ್ದ ಇಂಗ್ಲಿಷ್ ಎಲ್ಲ ಅಪ್ಪಣೆ ಕೊಡುವ ಇಂಗ್ಲಿಷ್. ಎರಡು ವಾರದಿಂದ ಮಗುವಿಗೆ ಅಪ್ಪಣೆ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಅವಳನ್ನು ಮಡಿಲಿಗೆ ಎಳೆದುಕೊಂಡು, ಕೋಪ ಇಲ್ಲ ಮಗಳೇ, ನಿನ್ನ ಉಮ್ಮನಿಗೆ ಆ ಮಾತು ಬರುದಿಲ್ಲ ಅಷ್ಟೇ ಎಂದು ಹೇಳಿದೆ. ಅವಳಿಗೆ ಅದು ದೊಡ್ಡ ಸಂಗತಿ. ಉಮ್ಮನಿಗೆ ಬಾರದ್ದೂ ಉಂಟು ಎಂದು ಅವಳಿಗೆ ಗೊತ್ತಾದದ್ದೇ ಅಂದು.

ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದ ಗಂಡನಿಗೆ, "ಇದು ಇವತ್ತಿಗೆ ಖಲಾಸ್" ಎಂದೆ.

"ಹಾಗಾದ್ರೆ ಶಾಲೆ?"

"ಶಾಲೆಗೆ ಹೋಗ್ತಾಳೆ. ಆದ್ರೆ ನಾನು ನನಗೆ ಬರುವುದನ್ನು ಕಲಿಸ್ತೇನೆ. ಬಾರದ್ದನ್ನು ಕಲಿಸ್ಲಿಕ್ಕೆ ಹೋಗಿ ಮಗುವಿನ ಬಾಯಿ ಕಟ್ಟಿ ಹೋಯ್ತು."

ಅವರು ಬಾಯಲ್ಲಿದ್ದ ತುತ್ತು ನುಂಗಿ, "ಸರಿ. ನೀನು ಹೇಳಿದ ಹಾಗೆ" ಅಂದರು.

ಹೇಳುವಾಗ ಧೈರ್ಯವಾಗಿ ಹೇಳಿದ್ದೆ. ನನಗೆ ಬರುವುದು ಏನು ಎಂದು ಲೆಕ್ಕ ಹಾಕಿದರೆ ಮಾತ್ರ ಹೆದರಿಕೆಯಾಗುತ್ತಿತ್ತು. ಎಣಿಸಲು ಬರುತ್ತಿತ್ತು. ಬೀಡಿಯನ್ನು ಇಪ್ಪತ್ತೈದರ ಕಟ್ಟು ಮಾಡಿ ಮಾಡಿ ನನ್ನ ಬೆರಳುಗಳೇ ಎಣಿಸುವಂತಾಗಿದ್ದವು. ಹಾಗಾಗಿ ಎಣಿಕೆಯಿಂದ ಶುರು ಮಾಡಿದೆ. ಬೆಳಿಗ್ಗೆ ತೋಟದಿಂದ ಬಂದ ಬೊಂಡಗಳನ್ನು ಅಂಗಡಿಗೆ ಸಾಗಿಸುವ ಮೊದಲು ಮಗಳು ಅವನ್ನು ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ರಾಶಿ ಮಾಡಬೇಕು. ಯಾವ ರಾಶಿಯಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ, ಎಣಿಸುವ ಮೊದಲೇ ಹೇಳಬೇಕು, ಆಮೇಲೆ ಎಣಿಸಿ ನೋಡಬೇಕು. ಬಾಳೆಗೊನೆಯಲ್ಲಿ ಯಾವ ಹಣ್ಣು ಇವತ್ತು ಹಣ್ಣಾಗಿದೆ, ಯಾವುದು ನಾಳೆಗೆ, ಯಾಕೆ ಹಾಗೆ ಅಂತೀ? ಈ 'ಯಾಕೆ' ಮಾತ್ರ ನಾನು ಬಿಡುತ್ತಿರಲಿಲ್ಲ. ಅವಳು ಏನು ಕಾರಣ ಕೊಟ್ಟರೂ ಪೂರ್ತಿ ಕೇಳುತ್ತಿದ್ದೆ.

ಅವಳ ಬಾಪನ ಪಾಠ ಬೇರೆ ಥರ. ಊಟವಾದ ಮೇಲೆ ಚಾಪೆಯ ಮೇಲೆ ಅಡ್ಡಾಗಿ ಅವರು ಗಿರಾಕಿಯಾಗುತ್ತಿದ್ದರು, ಅವಳು ಅಂಗಡಿಯವಳು. ಅವಳ ಸಾಮಾನು ಎಂದರೆ ಖಾಲಿ ಡಬ್ಬ, ಕರಟ, ಖರ್ಜೂರದ ಬೀಜ.

"ಆರು ಕರಟ ಕೊಡಿ ಸೇಟ್ರೇ" ಎನ್ನುತ್ತಿದ್ದರು. ಅವಳು ಎಣಿಸಿ ಕೊಟ್ಟರೆ, "ಒಂದು, ಎರಡು, ಮೂರು, ಐದು, ಆರು, ಏಳು. ಏಳು ಉಂಟಲ್ಲ! ಒಂದು ಹೆಚ್ಚು ಕೊಟ್ಟಿದ್ದೀರಿ, ತಕ್ಕೊಳ್ಳಿ."

"ಇಲ್ಲ ಬಾಪ! ನಾಲ್ಕು ಬಿಟ್ಟದ್ದು ನೀನು! ನಾಲ್ಕು ಎಲ್ಲಿ?"

"ನಾಲ್ಕಾ? ನಮ್ಮ ಊರಲ್ಲಿ ನಾಲ್ಕು ಇಲ್ಲ."

ಅವಳು ನೆಲಕ್ಕೆ ಕಾಲು ಬಡಿದು ಮತ್ತೆ ಮೊದಲಿನಿಂದ ಎಣಿಸಿ ತೋರಿಸುತ್ತಿದ್ದಳು. ಅವರು ದಿನಕ್ಕೊಂದು ಹೊಸ ತಪ್ಪು ಮಾಡುತ್ತಿದ್ದರು. ಬಿಸಿಲಲ್ಲಿ ನಿಂತು ಕತ್ತಿ ಬೀಸಿ ಬಂದವರಿಗೆ ಮಲಗಲು ಸಿಗುತ್ತಿದ್ದದ್ದು ಆ ಒಂದೇ ಹೊತ್ತು. ಒಮ್ಮೊಮ್ಮೆ ಎಣಿಸುತ್ತ ಎಣಿಸುತ್ತ ಕಣ್ಣು ಮುಚ್ಚಿಹೋಗುತ್ತಿತ್ತು. ಮಗಳು ರೆಪ್ಪೆ ಎಳೆದು ಬಿಡಿಸಿದರೆ, "ಐದರಲ್ಲಿದ್ದೆ ಅಲ್ವಾ?" ಎಂದು ಮುಂದುವರಿಸುತ್ತಿದ್ದರು.

ಜೂನ್ ತಿಂಗಳು ಮುಗಿಯುತ್ತಲೇ ಸಲಾಲಾದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಗೋಡೆ ಒದ್ದೆಯಾಗಿ ಗಂಡ ತಂದಿದ್ದ ಚಾರ್ಟ್ ಮೂಲೆಯಿಂದ ಸುರುಳಿಯಾಗುತ್ತ ಬಂದು ಒಂದು ದಿನ ಪೂರ್ತಿ ಕಳಚಿ ಬಿತ್ತು. ನಾನದನ್ನು ಒಣಗಿಸಿ ಮಡಚಿಟ್ಟೆ. ಅಕ್ಷರದ ಪಾಠವನ್ನು ನಾನು ಮುಂದೂಡುತ್ತಲೇ ಇದ್ದೆ. ಎಣಿಕೆ, ಮಾತು, ಕತೆ ಎಲ್ಲ ಸರಿ. ಅಕ್ಷರ ಹೇಗೆ? ಕನ್ನಡದ ಅ ಆ ಹೇಳಿಕೊಟ್ಟೆ, ಕಲಿತಳು. ಆದರೆ ಅವಳ ಕಣ್ಣಿಗೆ ಬೀಳುತ್ತಿದ್ದ ಬೋರ್ಡುಗಳಲ್ಲಿ ಎಲ್ಲೂ ಕನ್ನಡವಿರಲಿಲ್ಲ. "ಇದನ್ನು ಎಲ್ಲಿ ಬರೆದಿರ್ತಾರೆ ಉಮ್ಮ?" ಎಂದು ಕೇಳಿದಾಗ, ಊರಲ್ಲಿ ಎಂದು ಹೇಳಬೇಕಾಯಿತು. ಊರಿನ ಅವಳ ಅಜ್ಜಿ ಮನೆಯಿಂದ ಬರುತ್ತಿದ್ದ ಕಾಗದಗಳಲ್ಲಿ ಮಾತ್ರ ಅವಳಿಗೆ ಆ ಅಕ್ಷರಗಳು ಸಿಗುತ್ತಿದ್ದವು.

ಮಳೆ ನಿಂತು ತಿಂಗಳಾಗಿರಬೇಕು. ನಾನು ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಬಾಗಿಲಲ್ಲಿ ಕುಳಿತು ಕುರಾನ್ ಓದುತ್ತಿದ್ದೆ. ತೋಟದ ಅಜ್ಜಿ ಬಂದು ಎದುರು ನಿಂತರು. ನಾವು ಅವರನ್ನು ಖಾಲಾ ಎನ್ನುತ್ತಿದ್ದೆವು, ಅರಬಿಯಲ್ಲಿ ಚಿಕ್ಕಮ್ಮ. ಎತ್ತರದ ಗಟ್ಟಿ ಹೆಂಗಸು. ಗಂಡ ಸತ್ತ ಮೇಲೆ ತೋಟವನ್ನು ಮಕ್ಕಳ ಕೈಗೆ ಬಿಡದೆ ತಾವೇ ನೋಡಿಕೊಳ್ಳುತ್ತಿದ್ದರು. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ನಮ್ಮ ಮಾತುಕತೆ ನಡೆಯುತ್ತಿತ್ತು.

"ನಿನಗೆ ಓದಲು ಬರುತ್ತದಾ?" ಎಂದು ಕೇಳಿದರು.

"ಬರುತ್ತದೆ ಖಾಲಾ."

"ಅರಬಿ?"

"ಓದಲು ಬರುತ್ತದೆ. ಅರ್ಥ ಗೊತ್ತಿಲ್ಲ."

ಅವರು ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡಿದರು. ನಂತರ ಬಟ್ಟೆಯ ಮಡಿಕೆಯಿಂದ ಒಂದು ತೆಳ್ಳಗಿನ ಪುಸ್ತಕ ತೆಗೆದು ನನ್ನ ಮಡಿಲಿಗೆ ಹಾಕಿದರು. ದೊಡ್ಡವರಿಗೆ ಓದು ಕಲಿಸುವ ತರಗತಿಗಳು ಆಗ ನಡೆಯುತ್ತಿದ್ದವು. ಸಂಜೆ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಂಗಸರೆಲ್ಲ ಸೇರಿ ಕಲಿಯುತ್ತಿದ್ದರು. ಖಾಲಾ ಯಾರಿಗೂ ಹೇಳದೆ ಅಲ್ಲಿಗೆ ಸೇರಿ ಮೂರು ವಾರವಾಗಿತ್ತು. ಅಕ್ಷರಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಚುಕ್ಕೆಗಳು ಓಡಾಡುತ್ತವೆ ಎಂದು ದೂರಿದರು.

ನಾನು ಪುಸ್ತಕ ತೆರೆದು ಮೊದಲ ಪದ ಓದಿದೆ. "ಬಾಬ್."

ಖಾಲಾ ನಮ್ಮ ಬಾಗಿಲಿಗೆ ಟಪಟಪ ಬಡಿದರು. "ಬಾಬ್! ಇದು!"

ಮುಂದಿನದು ಓದಿದೆ. "ಸಮಕ್." ಅವರು ಅಂಗೈ ಅಡ್ಡ ಮಾಡಿ ನೀರಿನಲ್ಲಿ ಮೀನು ಹೋಗುವ ಹಾಗೆ ಆಡಿಸಿದರು. ನಾನು ಓದುವುದು, ಅವರು ತೋರಿಸುವುದು. ಆರು ವರ್ಷದವಳಿದ್ದಾಗಿನಿಂದ ಓದುತ್ತ ಬಂದಿದ್ದ ಅಕ್ಷರಗಳು ಹೀಗೆ ಮೊದಲ ಬಾರಿ ನನ್ನ ಕಣ್ಣೆದುರು ಬಾಗಿಲಾದವು, ಮೀನಾದವು. ಖಾಲಾರಿಗೂ ಹಾಗೆಯೇ. ಹುಟ್ಟಿದಾಗಿನಿಂದ ಆಡಿದ ಮಾತು ಕಾಗದದ ಮೇಲೆ ಹೀಗಿರುತ್ತದೆಯೇ ಎಂದು ಅವರು ಪದದ ಮೇಲೆ ಬೆರಳು ಸವರಿ ಸವರಿ ನೋಡಿದರು. ನಮ್ಮಿಬ್ಬರ ನಡುವೆ ತೂರಿಕೊಂಡು ಕುಳಿತಿದ್ದ ಮಗಳು ನನ್ನ ಬಾಯಿ, ಅವರ ಕೈ, ಪುಸ್ತಕ ಮೂರನ್ನೂ ನೋಡುತ್ತಿದ್ದಳು.

"ಉಮ್ಮ, ಅದರಲ್ಲಿ ಮೀನು ಅಂತ ಬರೆದದ್ದಾ?"

"ಹೌದು."

"ಚಿತ್ರ ಇಲ್ಲದಿದ್ರೂ?"

"ಇಲ್ಲದಿದ್ರೂ."

ಖಾಲಾ ಅಂದಿನಿಂದ ತರಗತಿಗೆ ಹೋಗುವ ಮೊದಲು ದಿನಾ ನಮ್ಮಲ್ಲಿಗೆ ಬರತೊಡಗಿದರು. ಚುಕ್ಕೆಗಳ ಕೆಲಸ ಮಗಳದು. ನಾನು ಮದರಸದಲ್ಲಿ ಕಲಿತ ಹಾಗೆ, ಒದ್ದೆ ಮರಳಿನ ಮೇಲೆ ದೋಣಿಯಂಥ ಒಂದು ಗೆರೆ ಎಳೆಯುತ್ತಿದ್ದೆ. ಅವಳು ಕೆಳಗೆ ಒಂದು ಖರ್ಜೂರದ ಬೀಜ ಇಟ್ಟರೆ ಅದು 'ಬ', ಮೇಲೆ ಎರಡು ಇಟ್ಟರೆ 'ತ'. ಖಾಲಾ ತಪ್ಪು ಹೇಳಿದರೆ ಮಗಳು ಗಂಭೀರವಾಗಿ ತಲೆ ಆಡಿಸಿ ಬೀಜವನ್ನು ಮುಟ್ಟಿ ತೋರಿಸುತ್ತಿದ್ದಳು. ಅವರು ಅವಳ ಕೆನ್ನೆ ಹಿಂಡಿ, "ಯಲ್ಲಾ ಉಸ್ತಾದಾ, ಇನ್ನೊಂದು ಇಡು" ಎನ್ನುತ್ತಿದ್ದರು. ಉಸ್ತಾದಾ ಎಂದರೆ ಟೀಚರಮ್ಮ.

ಕೆಲವು ತಿಂಗಳ ನಂತರ ಖಾಲಾ ಹಳೆಯ ತಗಡಿನ ಡಬ್ಬವೊಂದನ್ನು ತಂದರು. ಒಳಗೆ ತೋಟದ ಕಾಗದ ಪತ್ರಗಳು. ಒಂದನ್ನು ಬಿಡಿಸಿ, ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ತುಟಿ ಆಡಿಸಿ ಅಕ್ಷರ ಕೂಡಿಸಿದರು. ಅದು ತೀರಿಹೋದ ಅವರ ಗಂಡನ ಹೆಸರು. ಅವರು ನನ್ನನ್ನು ಕೇಳಲಿಲ್ಲ, ಹೌದೋ ಅಲ್ಲವೋ ಎಂದು. ಕಾಗದವನ್ನು ಮಡಚಿ ಡಬ್ಬದೊಳಗಿಟ್ಟು, ಅಂದು ತರಗತಿಗೆ ಹೋಗದೆ ತೋಟದ ಕಡೆ ನಡೆದರು.

ನಮ್ಮ ಮಗಳಿಗಂತೂ ಬರೆದದ್ದೆಲ್ಲ ಏನೋ ಹೇಳುತ್ತಿದೆ ಎಂಬ ಹುಚ್ಚು ಹಿಡಿಯಿತು. ಹಾಲಿನ ಡಬ್ಬದಲ್ಲಿ ಏನು ಬರೆದಿದೆ? ಪೆಟ್ಟಿಗೆಯ ಮೇಲೆ? ಲಾರಿಯ ಮೇಲೆ? ಸಲಾಲಾದಲ್ಲಿ ಹೆಚ್ಚಿನ ಬೋರ್ಡುಗಳೂ ಎರಡು ಭಾಷೆಯಲ್ಲಿರುತ್ತಿದ್ದವು, ಮೇಲೆ ಅರಬಿ, ಕೆಳಗೆ ಇಂಗ್ಲಿಷ್. ಒಂದು ಸಂಜೆ ನಾವು ನಾಲ್ವರೂ ಅಂಗಡಿಯ ಹತ್ತಿರದ ಕೂಡುರಸ್ತೆಯಲ್ಲಿ ನಿಂತಿದ್ದೆವು. ಕೆಂಪು ಫಲಕ ತೋರಿಸಿ ಮಗಳು ಕೇಳಿದಳು. ಮೇಲೆ ಇದ್ದದ್ದು ಎರಡೇ ಅರಬಿ ಅಕ್ಷರ. "ಖಿಫ್" ಎಂದು ಓದಿದೆ. ಖಾಲಾ ಪಕ್ಕನೆ ನಿಂತು ಎರಡೂ ಕೈ ಮುಂದೆ ಚಾಚಿದರು. "ಖಿಫ್! ನಿಲ್ಲು!" ಹಾಗಾದರೆ ಕೆಳಗಿನದೂ ನಿಲ್ಲು ಎಂದೇ ಇರಬೇಕು. ನನ್ನ ಗಂಡ ಒಂದೊಂದೇ ಅಕ್ಷರ ಕೂಗಿದರು, "ಎಸ್, ಟಿ, ಓ, ಪಿ," ಕೂಗಿ ಮುಗಿಸಿ ತಾವೇ ಬೆಚ್ಚಿದರು. "ಅಯ್ಯೋ, ಸ್ಟಾಪ್! ಇಷ್ಟು ವರ್ಷ ಇದನ್ನು ನೋಡಿ ಗಾಡಿ ನಿಲ್ಲುದು ಕಂಡಿದ್ದೇನೆ ಮಾರಾಯ್ತಿ, ಒಮ್ಮೆಯೂ ಓದಿರ್ಲಿಲ್ಲ!"

ನಾವು ಇಂಗ್ಲಿಷ್ ಕಲಿತದ್ದು ಹೀಗೆ. ಅರಬಿಯನ್ನು ನಾನು ಓದುವುದು, ಖಾಲಾ ಅರ್ಥ ಹೇಳುವುದು, ಕೆಳಗಿನ ಅಕ್ಷರಗಳನ್ನು ಅವಳ ಬಾಪ ಕೂಗುವುದು, ಮಗಳು ಅದನ್ನೆಲ್ಲ ಸೇರಿಸಿ ಒಂದು ಪದ ಮಾಡುವುದು. ಫಿಶ್, ಬ್ಯಾಂಕ್, ಮಿಲ್ಕ್, ಓಪನ್. ಮಡಚಿಟ್ಟಿದ್ದ ಚಾರ್ಟನ್ನು ನಾನು ಮತ್ತೆ ಗೋಡೆಗೆ ಹಾಕಿದೆ, ಈ ಸಲ ನನಗೋಸ್ಕರ. ಅಕ್ಕಿ ಬೇಯುವಷ್ಟು ಹೊತ್ತು ಅದರ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದೆ. ತಪ್ಪಾದರೆ ಮಗಳು ತಿದ್ದುತ್ತಿದ್ದಳು. ತಿದ್ದಲಿ ಎಂದು ನಾನೂ ಒಮ್ಮೊಮ್ಮೆ ತಪ್ಪುತ್ತಿದ್ದೆ, ಒಮ್ಮೊಮ್ಮೆ ನಿಜವಾಗಿಯೂ ತಪ್ಪುತ್ತಿದ್ದೆ.

ಮುಂದಿನ ವರ್ಷ ಬಂತು. ಶಾಲೆಗೆ ಹೋಗುವ ದಿನ ಖಾಲಾ ಮಗನ ಪಿಕಪ್ಪಿನಲ್ಲಿ ಮುಂದೆ ಕುಳಿತಾಗಿತ್ತು. ಬರುತ್ತೇನೆ ಎಂದು ಅವರೇನೂ ಹೇಳಿರಲಿಲ್ಲ, ಬೇಡ ಎಂದು ಹೇಳುವ ಧೈರ್ಯ ನಮಗೂ ಇರಲಿಲ್ಲ. ಶಾಲೆಯಲ್ಲಿ ಅದೇ ಕೋಣೆ, ಅದೇ ಟೀಚರು. ನಾವು ಮೂವರು ಗೋಡೆಗೆ ತಾಗಿದ ಬೆಂಚಿನಲ್ಲಿ ಕುಳಿತೆವು. ಮಗಳು ಮೇಜಿನ ಹತ್ತಿರ ಒಬ್ಬಳೇ ಹೋದಳು.

ಮೀನಿಗೆ ಫಿಶ್ ಅಂದಳು, ಬಾಗಿಲಿಗೆ ಡೋರ್ ಅಂದಳು. ಮೂರನೆಯದು ಅಳಿಲು. ಸಲಾಲಾದ ನಮ್ಮ ತೋಟದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ. ಹಿಂದಿನ ವರ್ಷದ ಹಾಗೆ ಅವಳು ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ.

"ಐ ಡೋಂಟ್ ನೋ," ಅಂದಳು. "ಟೀಚರ್, ಯು ಟೆಲ್."

ಟೀಚರು ತಲೆ ಎತ್ತಿ ನೋಡಿದರು. ಹೆಸರು ಹೇಳಿಕೊಟ್ಟರು. ಅವಳು ಎರಡು ಸಲ ಹೇಳಿ ನೋಡಿ, ಆ ಪ್ರಾಣಿ ಏನು ತಿನ್ನುತ್ತದೆ ಎಂದು ಹಿಂದಿಯಲ್ಲಿ ಕೇಳಿದಳು. ಕಡ್ಡಿಗಳ ಸರದಿ ಬಂದಾಗ ಎಂಟು ಕೊಡು ಎಂದರೆ ನಾಲ್ಕು ನಾಲ್ಕರ ಎರಡು ಕಟ್ಟು ಮಾಡಿ ಮುಂದಿಟ್ಟಳು. ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಮಂಡಿಯ ಮೇಲಿನ ಬೆರಳುಗಳಲ್ಲಿ ಅವಳ ಜೊತೆಗೇ ಎಣಿಸುತ್ತಿದ್ದರು.

ಎಲ್ಲ ಮುಗಿದ ಮೇಲೆ ಟೀಚರು ನನ್ನನ್ನು ಹಿಂದಿಯಲ್ಲಿ ಕೇಳಿದರು, "ಮನೆಯಲ್ಲಿ ಇಂಗ್ಲಿಷ್ ಮಾತಾಡಿದಿರಿ ಅಲ್ವಾ?"

ಹೌದು ಎಂದುಬಿಟ್ಟರೆ ಸುಲಭವಿತ್ತು. ಗಂಡ ನನ್ನ ಮುಖ ನೋಡಿದರು.

"ಇಲ್ಲ ಟೀಚರ್," ಎಂದೆ. "ಎರಡು ವಾರ ಮಾತಾಡಿ ಬಿಟ್ಟುಬಿಟ್ಟೆ. ನನಗೆ ಬರುವ ಮಾತಿನಲ್ಲೇ ಅವಳ ಹತ್ತಿರ ಎಲ್ಲ ಮಾತಾಡಿದೆ. ಇಂಗ್ಲಿಷನ್ನು ಅವಳೇ ರಸ್ತೆಯಿಂದ ಒಂದೊಂದಾಗಿ ಮನೆಗೆ ತಂದಳು."

ಅವರು ಕಾಗದದಲ್ಲಿ ಏನೋ ಬರೆದರು. ಆಮೇಲೆ, "ಮಾತಾಡುವುದನ್ನು ನಿಲ್ಲಿಸಬೇಡಿ" ಅಂದರು.

ಮಗಳಿಗೆ ಸೀಟು ಸಿಕ್ಕಿತು, ಆದರೆ ಎಲ್ಲಕ್ಕಿಂತ ಕೆಳಗಿನ ತರಗತಿಯಲ್ಲಿ. ಅವಳ ಓರಗೆಯವರು ಒಂದು ಕ್ಲಾಸು ಮುಂದಿದ್ದರು. ನನಗೆ ಸ್ವಲ್ಪ ಬೇಸರವಾಯಿತು. ನನ್ನ ಗಂಡ, "ಬಸ್ಸು ಸಿಕ್ಕಿತಲ್ಲ, ಹಿಂದಿನ ಸೀಟಾದ್ರೆ ಎಂತ?" ಎಂದರು. ಮೊದಲ ತಿಂಗಳು ಅವಳು ದಿನಾ ಅತ್ತಳು. ನಾನು ಮಾತ್ರ ಒಂದು ನಿಯಮ ಬಿಡಲಿಲ್ಲ: ಶಾಲೆಯಿಂದ ಬಂದ ಮೇಲೆ, ಅಂದು ಅಲ್ಲಿ ನಡೆದದ್ದನ್ನೆಲ್ಲ ನಮ್ಮ ಮಾತಿನಲ್ಲಿ ನನಗೆ ಹೇಳಬೇಕು. ಅವಳಿಗೆ ಪಾಠ ಎಷ್ಟು ತಿಳಿದಿದೆ, ಎಲ್ಲಿ ತಿಳಿದಿಲ್ಲ ಎಂದು ನನಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ. ಒಂದು ಪದಕ್ಕೆ ನಮ್ಮಲ್ಲಿ ಮಾತಿಲ್ಲದಿದ್ದರೆ ಅದನ್ನು ವಿವರಿಸಲು ಅವಳು ಪಡುತ್ತಿದ್ದ ಪಾಡು ನೋಡಬೇಕು. ಕೈಕಾಲು ಎಲ್ಲ ಆಡಿಸಿ ಬೆವರುತ್ತಿದ್ದಳು. ಮೂರನೆಯ ಕ್ಲಾಸಿಗೆ ಬರುವ ಹೊತ್ತಿಗೆ ಅಳು ಎಲ್ಲಿ ಹೋಯಿತೋ, ಪಾಠ ಕೇಳಲು ಪುರುಸೊತ್ತಿಲ್ಲದ ನನ್ನನ್ನು ಅವಳೇ ಗದರಿಸಿ ಕೂರಿಸುತ್ತಿದ್ದಳು.

ಖಾಲಾರ ಓದು ಅಷ್ಟು ದೂರ ಹೋಗಲಿಲ್ಲ. ಎರಡನೆಯ ವರ್ಷ ಕಣ್ಣಿಗೆ ಪೊರೆ ಬಂತು, ತರಗತಿ ಬಿಟ್ಟರು. ಆಪರೇಷನ್ ಆದ ಮೇಲೂ ಮತ್ತೆ ಹೋಗಲಿಲ್ಲ. ಆದರೆ ತಮಗೆ ಬಂದ ಕಾಗದವನ್ನು ಮಗನ ಕೈಗೆ ಕೊಡುವ ಮೊದಲು ತಾವು ಒಮ್ಮೆ ಬಿಡಿಸಿ ನೋಡುವುದನ್ನು ಕೊನೆಯವರೆಗೂ ಬಿಡಲಿಲ್ಲ.

ತೊಂಬತ್ತರ ದಶಕ ಬಂದಾಗ ನಮಗೆ ಎರಡನೆಯವಳೂ ಹುಟ್ಟಿದ್ದಳು. ಪಕ್ಕದ ತೋಟದಲ್ಲಿ ಬಾಳೆ ನೋಡಿಕೊಳ್ಳುತ್ತಿದ್ದವನ ಹೆಂಡತಿ ನಮ್ಮ ಕಡೆಯವಳೇ, ಊರಿನಿಂದ ಹೊಸದಾಗಿ ಬಂದವಳು. ಒಂದು ಬೆಳಿಗ್ಗೆ ಮೂರು ವರ್ಷದ ಮಗಳ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕ, ನಿಮ್ಮ ಮಗಳು ಶಾಲೆಗೆ ಹೋಗ್ತಾಳಂತಲ್ಲ. ನನಗೆ ಓದ್ಲಿಕ್ಕೆ ಏನೇನೂ ಬರುದಿಲ್ಲ. ಇವಳಿಗೆ ನೀವು ಹೇಳಿ ಕೊಡ್ತೀರಾ?"

"ಇಬ್ಬರೂ ಬನ್ನಿ," ಎಂದೆ. "ಅವಳಿಗೆ ಹೇಳಿ ಕೊಡುದು ನೀನೇ. ನಾನು ಜೊತೆಗೆ ಕೂತ್ಕೊಳ್ತೇನೆ."

"ನಾನಾ? ನನಗೆ ಎಂತ ಬರ್ತದೆ?"

"ಇವತ್ತು ಬೆಳಿಗ್ಗೆ ಎಂತ ಅಡಿಗೆ ಮಾಡಿದ್ದೀ?"

"ಪುಂಡಿ," ಎಂದಳು, ನಾನು ಯಾಕೆ ಕೇಳುತ್ತಿದ್ದೇನೆ ಎಂದು ತಿಳಿಯದೆ. ಪುಂಡಿ ಎಂದರೆ ನಮ್ಮ ಕಡೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆ.

"ಅದನ್ನು ಹೇಗೆ ಮಾಡುದು ಅಂತ ಅವಳಿಗೆ ಹೇಳು. ಮೊದಲು ಎಂತ, ಆಮೇಲೆ ಎಂತ. ಎಲ್ಲ ಹೇಳು. ನಡುವೆ ಅವಳು ಏನಾದ್ರೂ ಕೇಳಿದ್ರೆ ಸುಮ್ಮನಿರು ಅನ್ಬೇಡ."

ನಾನು ಚಾಪೆ ಹಾಸಿದೆ. ಅವಳು ಹಿಂಜರಿಯುತ್ತ ಕುಳಿತು, ಮಗಳನ್ನು ಎದುರು ಕೂರಿಸಿಕೊಂಡು, ಅಕ್ಕಿ ನೆನೆಹಾಕಿದಲ್ಲಿಂದ ಶುರು ಮಾಡಿದಳು.